ಬೆನ್ನಿನ ಚೀಲ ಕೇಳಿದ ಮಗಳಿಗೆ

ಬ್ಯಾಡಗಿ
೧೧ ಫೆಬ್ರವರಿ ೨೦೦೭, ಭಾನುವಾರ

ಮಗಳು ಸುರೇಖಾಗೆ,

ಬ್ಯಾಡಗಿಯಿಂದ ನಿನ್ನ ಹಜರತಅಲಿ ಕಾಕಾ ಸಲಾಮು ಹೇಳಿ, ಕಾಡಿನಲ್ಲಿ ನಿನ್ನ ಕಾಲು ಗಟ್ಟಿ ನಿಲ್ಲಲಿ ಎಂದು ದುವಾ ಮಾಡಿ ಬರೆಯುವುದು.

ನಿನ್ನ ಪತ್ರ ಬಂದು ತಿಂಗಳು ದಾಟಿತು. ಉತ್ತರ ತಡವಾದದ್ದಕ್ಕೆ ಮೆಣಸಿನಕಾಯಿ ಸುಗ್ಗಿಯ ನೆಪ ಹೇಳಬಹುದು. ಆ ನೆಪ ಸುಳ್ಳೂ ಅಲ್ಲ. ಲಾರಿಗೆ ಹೊದಿಸುವ ಹರಿದ ತಾಡಪತ್ರಿಗಳು ಅಂಗಡಿಯ ಬಾಗಿಲ ತನಕ ಬಿದ್ದಿವೆ. ನಾಳೆ ಸೋಮವಾರದ ಪೇಟೆಗೆ ಮೊದಲು ಇನ್ನೂ ನಾಲ್ಕು ಲಾರಿಯವರಿಗೆ ಹೊಲಿದು ಕೊಡಬೇಕು. ಗಾಳಿಯಲ್ಲೆಲ್ಲ ಖಾರದ ಪುಡಿ, ಮೂರು ಹೊಲಿಗೆ ಹಾಕುವುದರೊಳಗೆ ಕಣ್ಣಲ್ಲಿ ನೀರು. ಆದರೆ ನಾನು ಬರೆಯದೆ ಇದ್ದುದು ಅದಕ್ಕಲ್ಲ. ಎರಡು ಸಲ ಕಾಗದ ಹಿಡಿದು ಕುಳಿತೆ. ಎರಡು ಸಲವೂ ಚೀಲದ ಪಟ್ಟಿ ಎಷ್ಟು ಅಗಲ ಇರಬೇಕು ಎನ್ನುವ ತನಕ ಬರೆದು ಎದ್ದುಬಿಟ್ಟೆ. ನಿನ್ನ ಅಮೀರಬಿ ಕಾಕಿ ಎರಡನೆಯ ಸಲ ನೋಡಿದಳು. "ಬರಿಯೋದಿದ್ರ ಪೂರಾ ಬರೀರಿ, ಇಲ್ಲಂದ್ರ ಆ ಹುಡಿಗಿಗೆ ಬರೇ ಚೀಲಾ ಕಳಿಸಿ ಸುಮ್ಮನಾಗ್ರಿ" ಅಂದಳು. ಅವಳಿಗೆ ಹದಿನೈದು ವರ್ಷದಿಂದ ಗೊತ್ತು. ಏನು ಗೊತ್ತು ಎನ್ನುವುದನ್ನು ಈ ಪತ್ರ ಮುಗಿಯುವುದರೊಳಗೆ ಬರೆಯುತ್ತೇನೆ. ಇವತ್ತು ಏಳುವುದಿಲ್ಲ.

ನೀನು ಬರೆದದ್ದನ್ನು ಓದುವಾಗ ನನ್ನ ಹೆಗಲೇ ನೋಯಿತು. ನಾಲ್ಕು ದಿನದ ಗಸ್ತು, ಅರಣ್ಯ ಇಲಾಖೆಯ ಆಫೀಸಿನಿಂದ ಕೊಟ್ಟ ಚೀಲದ ದಾರದಂಥ ಪಟ್ಟಿ, ಎರಡನೆಯ ದಿನಕ್ಕೇ ಹೆಗಲ ಮೇಲೆ ಬೊಬ್ಬೆ. ಮಧ್ಯಾಹ್ನ ಒಂದು ಬಂಡೆಗೆ ಒರಗಿ ಕುಳಿತಾಗ ಯಾರಿಗೂ ಕಾಣದ ಹಾಗೆ ಅತ್ತೆ ಎಂದು ಬರೆದಿದ್ದೀಯ. ಜೊತೆಯ ಗಾರ್ಡುಗಳು ಹೆಣ್ಣುಮಗಳು ಎಂದು ನಕ್ಕರೆಂದೂ ಬರೆದಿದ್ದೀಯ. ನಗಲಿ ಬಿಡು. ಮೊದಲ ಸಲ ಘಟ್ಟ ಹತ್ತಿದಾಗ ನಾನೂ ಅತ್ತಿದ್ದೇನೆ, ನಿನ್ನ ಅಪ್ಪ ಮೈಲಾರೆಪ್ಪನೂ ಅತ್ತಿದ್ದಾನೆ. ಇಬ್ಬರೂ ಬೆವರು ಒರೆಸಿಕೊಂಡಂತೆ ಒರೆಸಿಕೊಂಡೆವು.

ಚೀಲ ಹೊಲಿದಿಟ್ಟಿದ್ದೇನೆ. ಬಟ್ಟೆ ದಪ್ಪ ಕ್ಯಾನ್ವಾಸು, ತಳಕ್ಕೆ ತಾಡಪತ್ರಿಯ ಎರಡು ಪದರ. ಒದ್ದೆ ನೆಲದ ಮೇಲೆ ಇಟ್ಟರೂ ಒಳಗಿನದು ನೆನೆಯುವುದಿಲ್ಲ. ಹೆಗಲ ಪಟ್ಟಿ ನಾಲ್ಕು ಬೆರಳು ಅಗಲ, ಒಳಗೆ ಹಳೆಯ ಕಂಬಳಿಯ ತುಂಡು ತುಂಬಿದ್ದೇನೆ. ಕಂಬಳಿ ನಿಮ್ಮ ಮೇಡ್ಲೇರಿ ಮನೆಯದೇ, ನಿನ್ನ ಅವ್ವ ಕರೆವ್ವ ಕೊಟ್ಟದ್ದು. ಸೊಂಟಕ್ಕೆ ಒಂದು ಪಟ್ಟಿ ಇದೆ. ನಡೆಯುವಾಗ ಅದನ್ನು ಬಿಗಿಯಾಗಿ ಕಟ್ಟಿಕೊ. ಭಾರ ಹೆಗಲ ಮೇಲೆ ಕೂರಬಾರದು, ಸೊಂಟದ ಎಲುಬಿನ ಮೇಲೆ ಕೂರಬೇಕು. ಕೊಡ ಹೊತ್ತು ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾರದ ಸಾಮಾನು ಬೆನ್ನಿಗೆ ಹತ್ತಿಕೊಂಡಿರಲಿ, ಹಗುರಾದದ್ದು ಹೊರಗೆ. ಉಲ್ಟಾ ಮಾಡಿದರೆ ಚೀಲ ನಿನ್ನನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಸಂಜೆಯಾಗುವುದರೊಳಗೆ ಬೆನ್ನು ಮುರಿದಂತಾಗುತ್ತದೆ.

ಸೊಂಟದ ಪಟ್ಟಿಯ ಗಂಟನ್ನು ಬಿಚ್ಚಿ ನೋಡು. ಬಾಲವನ್ನು ಒಂದೇ ಸಲ ಜಗ್ಗಿದರೆ ಪೂರ್ತಿ ಬಿಟ್ಟುಕೊಳ್ಳುತ್ತದೆ. ಅದನ್ನು ಮಾತ್ರ ಬೇರೆ ಗಂಟಿಗೆ ಬದಲಾಯಿಸಬೇಡ. ಯಾರು ಹೇಳಿದರೂ ಬೇಡ.

ಊಟಕ್ಕೆ ಅಕ್ಕಿ ಹೊರಬೇಡ, ಬೇಯಿಸಲು ಹೊತ್ತೂ ಬೇಕು ಹೊಗೆಯೂ ಏಳುತ್ತದೆ. ಕಟಕ್ ರೊಟ್ಟಿ ಎಂಟು ದಿನ ಇಟ್ಟರೂ ಏನೂ ಆಗುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ, ಒಂದು ಉಳ್ಳಾಗಡ್ಡಿ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಾಟಿನ ಕೆಳಗಿಟ್ಟರೆ ಪುಡಿಯಾಗುವುದಿಲ್ಲ. ನೀರು ಒಂದೇ ಬಾಟಲಿಯಲ್ಲಿ ಒಯ್ಯಬೇಡ, ಎರಡರಲ್ಲಿ ಒಯ್ಯಿ. ಒಂದು ಒಡೆಯಿತು ಎಂದರೆ ಇನ್ನೊಂದು ಇರಬೇಕು. ಕಡ್ಡಿಪೆಟ್ಟಿಗೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಮುಚ್ಚಳಕ್ಕೆ ಮೇಣ ಹಚ್ಚು. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಕ್ಕೆ ತಂಬಾಕಿನ ಪುಡಿ ಕಾಲುಚೀಲದ ಸುತ್ತ ಉಜ್ಜಿಕೊ. ಚೀಲದೊಳಗೆ ಯಾವುದೂ ಗಲಗಲ ಅನ್ನಬಾರದು. ತಟ್ಟೆ ಲೋಟದ ನಡುವೆ ಬಟ್ಟೆ ತುರುಕು. ನಾವು ಹೊರಡುವ ಮೊದಲು ಚೀಲ ಹಾಕಿಕೊಂಡು ಇದೇ ಅಂಗಡಿಯೊಳಗೆ ಜಿಗಿದು ನೋಡುತ್ತಿದ್ದೆವು. ಸದ್ದು ಬಂದರೆ ಮತ್ತೆ ಬಿಚ್ಚಿ ತುಂಬುತ್ತಿದ್ದೆವು. ನಿನ್ನ ಅಪ್ಪ ಜಿಗಿದರೆ ಕಟ್ಟೆ ನಡುಗುತ್ತಿತ್ತು, ಅಮೀರಬಿ ಒಳಗಿನಿಂದ ಬೈಯುತ್ತಿದ್ದಳು.

ಇಷ್ಟು ಬರೆಯುವುದು ನನಗೆ ಸುಲಭ. ಇದಕ್ಕಾಗಿ ತಿಂಗಳು ಬೇಕಾಗಿರಲಿಲ್ಲ.

ಪತ್ರದ ಕೊನೆಗೆ ನೀನು ಇನ್ನೊಂದು ಕೇಳಿದ್ದೀಯ. "ಕಾಕಾ, ದಿನಗಟ್ಟಲೆ ಕಾಡಿನಾಗ ಇದ್ದಾಗ ಮನಸ್ಸು ಹೆಂಗ ಇಟ್ಕೋತಿದ್ರಿ? ಭಯ ಆದ್ರ ಏನ ಮಾಡ್ತಿದ್ರಿ?" ಎಂದು. ಅಪ್ಪನನ್ನು ಕೇಳೋಣವೆಂದರೆ ಅವರಿಲ್ಲ, ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ ಎಂದೂ ಬರೆದಿದ್ದೀಯ.

ಮನಸ್ಸಿನ ಮಾತು ಹೇಳುವ ಮೊದಲು ಒಂದು ಶಬ್ದವನ್ನು ನೇರವಾಗಿ ಬರೆಯುತ್ತೇನೆ. ನೀನೀಗ ಖಾಕಿ ಹಾಕಿದವಳು, ನಿನ್ನ ಮುಂದೆ ಶಿಕಾರಿ, ಹವ್ಯಾಸ ಎಂದು ಬಣ್ಣ ಹಚ್ಚಬಾರದು. ನಾವು ಮಾಡುತ್ತಿದ್ದುದು ಕಳ್ಳಬೇಟೆ. ಮೇಡ್ಲೇರಿಯ ಹೊಲಗಳಲ್ಲಿ ಕಾಡುಹಂದಿ ಓಡಿಸುವುದರಿಂದ ಶುರುವಾದದ್ದು, ಹಾನಗಲ್ಲಿನಾಚೆಯ ಘಟ್ಟದ ತನಕ ಹೋಯಿತು. ನಿನ್ನ ಅಪ್ಪ ಒಂದು ದಿನ ಗೋವಿನಜೋಳದ ರಾಶಿಗೆ ಮುಚ್ಚುವ ತಾಡಪತ್ರಿ ಹೊಲಿಸಲು ನನ್ನ ಅಂಗಡಿಗೆ ಬಂದವನು, ಸಂಜೆ ತನಕ ಎದ್ದು ಹೋಗಲಿಲ್ಲ. ಹಂದಿಯ ಹೆಜ್ಜೆಯ ಬಗ್ಗೆ ಇಬ್ಬರೂ ಮಾತಾಡಿದೆವು. ಗೆಳೆತನ ಹಾಗೆ ಆಯಿತು. ಆಮೇಲೆ ಏಳು ವರ್ಷ, ಸುಗ್ಗಿ ಮುಗಿದ ಮೇಲೆ ಒಂದೆರಡು ಸಲ, ಬೆನ್ನಿಗೆ ಚೀಲ ಹಾಕಿಕೊಂಡು ನಾಲ್ಕೈದು ದಿನ ಘಟ್ಟ ಸೇರುತ್ತಿದ್ದೆವು. ಬಂದೂಕು ನನ್ನದು. ಪರವಾನಗಿ ಇಲ್ಲದ ನಾಡಬಂದೂಕು, ನಮ್ಮ ಅಬ್ಬಾನ ಕಾಲದ್ದು. ಅದನ್ನು ಬಿಚ್ಚಿ ಹಾಸಿಗೆ ಸುರುಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಗುಂಡು ಹಾರಿಸುತ್ತಿದ್ದವನೂ ನಾನೇ. ನಿನ್ನ ಅಪ್ಪನಿಗೆ ಕೊಲ್ಲುವುದಕ್ಕಿಂತ ಹೆಜ್ಜೆ ಹಿಡಿದು ಹೋಗುವುದೇ ಇಷ್ಟ. ಬಾಗಿದ ಹುಲ್ಲು ನೋಡಿ ಪ್ರಾಣಿ ಎಷ್ಟು ಹೊತ್ತಿನ ಹಿಂದೆ ಹೋಯಿತೆಂದು ಹೇಳುತ್ತಿದ್ದ. ಸಾಕಷ್ಟು ಸಲ ಅದು ಕಂಡಮೇಲೂ ನನ್ನ ತೋಳು ಹಿಡಿದು, "ಬಿಡೋ, ಮರಿ ಐತಿ" ಅನ್ನುತ್ತಿದ್ದ.

ಬೇಟೆ ಅಂದರೆ ಓಟ ಅಲ್ಲ, ಕೂರುವುದು. ನಿನ್ನ ಗಸ್ತೂ ಹಾಗೆಯೇ ಇರಬಹುದು. ಮೊದಲ ದಿನ ಮನಸ್ಸು ಊರಲ್ಲೇ ಇರುತ್ತದೆ. ಎರಡನೆಯ ದಿನ ಮೈ ನೋಯುತ್ತದೆ, ಮನಸ್ಸು ಮೈಯ ಮೇಲೆ ಇರುತ್ತದೆ. ಇವೆರಡನ್ನೂ ದಾಟಬಹುದು. ಮೂರನೆಯ ದಿನದ ಮನಸ್ಸಿಗೆ ಹೆದರು. ಇಷ್ಟು ದೂರ ಬಂದೆವು, ಇಷ್ಟು ದಣಿದೆವು, ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ಅದು ವ್ಯಾಪಾರಕ್ಕೆ ನಿಲ್ಲುತ್ತದೆ. ದಣಿವನ್ನೇ ಹಟ ಮಾಡಿಕೊಳ್ಳುತ್ತದೆ. ಆಗ ಮನುಷ್ಯನಿಗೆ ಇಳಿಜಾರು ಇಳಿಜಾರಿನಂತೆ ಕಾಣುವುದಿಲ್ಲ, ಭಾರ ಭಾರದಂತೆ ಅನ್ನಿಸುವುದಿಲ್ಲ.

ನಿನ್ನ ಅಪ್ಪ ಸತ್ತದ್ದು ಹಾಗೆ, ಸುರೇಖಾ.

ನಿನಗೆ ಹೇಳಿದ್ದು ಬೇರೆ. ಬಿದಿರು ಕಡಿಯಲು ಹೋಗಿದ್ದೆವು, ಕಾಲು ಜಾರಿ ಬಂಡೆಯಿಂದ ಬಿದ್ದ, ಆ ಕ್ಷಣಕ್ಕೇ ಜೀವ ಹೋಯಿತು, ನೋವು ಗೊತ್ತಾಗಲಿಲ್ಲ ಎಂದು. ನಿನಗೂ ಹಾಗೇ ಹೇಳಿದೆ, ನಿನ್ನ ಅವ್ವನಿಗೂ, ಪೊಲೀಸರಿಗೂ. ನೀನಾಗ ಎರಡನೆಯ ಇಯತ್ತೆ. ಅಪ್ಪನ ಹೆಣ ತಂದ ಟೆಂಪೊ ಅಂಗಳದಲ್ಲಿ ನಿಂತಾಗ ನೀನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಅದು ತೊಂಬತ್ತೆರಡರ ಜನವರಿ. ಆ ಸಲ ಎರಡು ದಿನ ತಿರುಗಿದರೂ ಏನೂ ಸಿಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಳ್ಳದ ದಂಡೆಯ ಮೇಲೆ ರೊಟ್ಟಿ ತಿನ್ನುತ್ತ ನಿನ್ನ ಅಪ್ಪ ಹೇಳಿದ, "ಸಾಕೋ ಅಲಿ, ಇವತ್ತು ಇಳದು ಬಿಡೂನು. ಕರೆವ್ವಗ ಸೋಮಾರ ಬರ್ತೇನಿ ಅಂತ ಹೇಳೇನಿ." ನಾನು ಇನ್ನೊಂದು ದಿನ ಅಂದೆ. ಅವನು ಎರಡನೆಯ ಸಲ ಹೇಳಲಿಲ್ಲ. ಅವನ ಸ್ವಭಾವ ನಿನಗೆ ನೆನಪಿರಲಿಕ್ಕಿಲ್ಲ. ಒಂದು ಸಲ ಹೇಳುತ್ತಿದ್ದ, ಕೇಳದಿದ್ದರೆ ಸುಮ್ಮನೆ ಚೀಲ ಹಾಕಿಕೊಂಡು ನನ್ನ ಹಿಂದೆ ಬರುತ್ತಿದ್ದ.

ನಾಲ್ಕನೆಯ ದಿನ ಹೊತ್ತು ಮೂಡುವಾಗ ಒಂದು ಗಂಡು ಕಡವೆ ಸಿಕ್ಕಿತು. ದೊಡ್ಡದು. ಹೊಡೆದೆ. ಇಬ್ಬರೂ ಕೂತು ಹಸನು ಮಾಡಿ, ಮಾಂಸ ಎರಡು ಚೀಲಕ್ಕೆ ತುಂಬಿದೆವು. ಒಬ್ಬೊಬ್ಬರ ಬೆನ್ನ ಮೇಲೆ ಮೂವತ್ತು ಕಿಲೋ ಮೇಲೇ ಇತ್ತು. ಅವನ ಚೀಲವನ್ನು ಎತ್ತಿ ಹಾಕಿದವನು ನಾನೇ. ಎದ್ದು ನಿಂತು ಎರಡು ಹೆಜ್ಜೆ ಇಟ್ಟು ಅವನು ಹೇಳಿದ, "ಅರ್ಧಾ ಇಲ್ಲೇ ಬಿಡೂನು, ಕೊಳ್ಳ ಇಳಿಯೂದು ಐತಿ." ನಾನು ನಕ್ಕೆ. "ಹೆಣ್ಣಮಕ್ಕಳಂಗ ಮಾಡಬ್ಯಾಡ" ಅಂದೆ. ನಿನ್ನ ಪತ್ರದಲ್ಲಿ ಗಾರ್ಡುಗಳು ನಕ್ಕರು ಎಂದು ಓದಿದಾಗ ನನ್ನ ಈ ಮಾತೇ ನನ್ನ ಕಿವಿಗೆ ಬಿತ್ತು.

ಆ ಕೊಳ್ಳ ನೀನು ನೋಡಿರಬಹುದು, ನಿನ್ನ ಈಗಿನ ಬೀಟಿನಿಂದ ಒಂದು ಗುಡ್ಡ ಆಚೆ. ನೆಲದ ಮೇಲೆ ತೇಗದ ಒಣ ಎಲೆ ಮೊಣಕಾಲು ಮಟ. ಎಲೆಯ ಕೆಳಗೆ ಕಲ್ಲೋ ಮಣ್ಣೋ ಗೊತ್ತಾಗುವುದಿಲ್ಲ. ನಾನು ಮುಂದೆ, ಅವನು ಹಿಂದೆ. ಸುಮಾರು ಒಂಬತ್ತು ಗಂಟೆ. ಎಲೆ ಜಾರಿದ ಸದ್ದು ಕೇಳಿ ತಿರುಗುವುದರೊಳಗೆ ಅವನು ನನ್ನ ಪಕ್ಕದಿಂದ ಕೆಳಗೆ ಹೋದ. ಬರೀ ಅವನೇ ಬಿದ್ದಿದ್ದರೆ ಹತ್ತು ಮಾರಿನೊಳಗೆ ಒಂದು ಗಿಡ ಹಿಡಿದು ನಿಲ್ಲುತ್ತಿದ್ದ. ಒಂದು ಬಿದಿರು ಮೆಳೆಯನ್ನು ಹಿಡಿದದ್ದನ್ನೂ ನೋಡಿದೆ. ಬೆನ್ನಿನ ಭಾರ ಅವನನ್ನು ಕಿತ್ತುಕೊಂಡು ಹೋಯಿತು. ಚೀಲ ಬಿಡಲು ಸೊಂಟದ ಗಂಟಿಗೆ ಕೈ ಹಾಕಿದ, ಅದು ಬಿಚ್ಚಲಿಲ್ಲ. ಆ ಚೀಲ ನಾನು ಹೊಲಿದದ್ದು. ಗಂಟು ಸಡಿಲಾಗಬಾರದೆಂದು ಎರಡು ಸುತ್ತು ಹಾಕಿ ಕಟ್ಟಿಕೊಟ್ಟದ್ದೂ ನಾನೇ.

ಕೆಳಗೆ ಇಳಿದು ನೋಡಿದಾಗ ಎಚ್ಚರ ಇತ್ತು. ತೊಡೆಯ ಎಲುಬು ಮುರಿದಿತ್ತು. ಹೊಟ್ಟೆಯ ಎಡಗಡೆ ಮುಟ್ಟಿದರೆ ಹಲ್ಲು ಕಚ್ಚುತ್ತಿದ್ದ. ಪಟ್ಟಿ ಕೊಯ್ದು ಚೀಲ ತೆಗೆದು, ನನ್ನ ಚೀಲ, ಬಂದೂಕಿನ ಜೊತೆ ಒಂದು ಬಂಡೆಯ ಆಚೆ ಇಟ್ಟೆ. ತಲೆ ಕೆಳಗೆ ಕಂಬಳಿ ಮಡಿಸಿ ಇಟ್ಟೆ, ನೀರು ಕುಡಿಸಿದೆ. ಕೆಳಗೆ ಗೌಳಿಗರ ದೊಡ್ಡಿ ಇದೆ, ಮಂದಿ ಕರೆದುಕೊಂಡು ಬರುತ್ತೇನೆ ಅಂದೆ. "ಲಗೂ ಬಾ" ಅಂದ. ಅಷ್ಟೇ ಅಂದ.

ದೊಡ್ಡಿ ಅಲ್ಲಿಂದ ಒಂದೂವರೆ ತಾಸಿನ ದಾರಿ. ನಾನು ಅಲ್ಲಿಗೆ ಮುಟ್ಟಿದ್ದು ಮಧ್ಯಾಹ್ನ ಎರಡೂವರೆಗೆ.

ನೀನು ಲೆಕ್ಕ ಹಾಕುತ್ತೀಯ, ಹಾಕಲೆಂದೇ ಬರೆದೆ. ನೂರು ಹೆಜ್ಜೆ ಇಳಿದ ಮೇಲೆ ನನಗೆ ಬಂದೂಕು ನೆನಪಾಯಿತು. ಮಂದಿ ಬಂದರೆ ಮೊದಲು ಕಾಣುವುದು ಮಾಂಸ, ಚರ್ಮ, ಕೊಂಬು, ಬಂದೂಕು. ದೊಡ್ಡಿಯವರು ಹೇಳದಿದ್ದರೂ ಅರಣ್ಯದವರಿಗೆ ಗೊತ್ತಾಗುತ್ತದೆ. ಜೇಲು. ಅಮೀರಬಿಗೆ ಆಗ ಬೇನಜೀರ ಹೊಟ್ಟೆಯಲ್ಲಿದ್ದಳು. ನಾನು ತಿರುಗಿ ಮೇಲೆ ಹತ್ತಿದೆ. ನಿನ್ನ ಅಪ್ಪ ಬಿದ್ದ ಜಾಗದಿಂದಲ್ಲ, ಆಚೆ ಬದಿಯಿಂದ, ಅವನ ಕಣ್ಣಿಗೆ ಬೀಳದ ಹಾಗೆ. ಎರಡು ಚೀಲದ ಮಾಂಸವನ್ನು ಒಂದು ಬಿರುಕಿಗೆ ತಳ್ಳಿ ಕಲ್ಲು ಮುಚ್ಚಿದೆ. ಕಡವೆ ಹಸನು ಮಾಡಿದ ಜಾಗಕ್ಕೆ ಹೋಗಿ ತಲೆ, ಚರ್ಮ ಹೂತೆ. ಬಂದೂಕನ್ನು ತಾಡಪತ್ರಿಯಲ್ಲಿ ಸುತ್ತಿ ಒಂದು ಬಂಡೆಯ ಅಡಿಗೆ ಸೇರಿಸಿದೆ. ಹಳ್ಳಕ್ಕೆ ಹೋಗಿ ಅಂಗಿಯ ರಕ್ತ ತೊಳೆದೆ. ಎರಡು ಬಿದಿರು ಕಡಿದು, ಕಡಿದದ್ದು ಕಾಣುವ ಹಾಗೆ ಇಟ್ಟೆ. ಇದನ್ನೆಲ್ಲ ನಾನು ಬಹಳ ಅಚ್ಚುಕಟ್ಟಾಗಿ ಮಾಡಿದೆ. ಇಬ್ಬರಿಗಾಗಿ ಮಾಡುತ್ತಿದ್ದೇನೆ, ಅವನೂ ಜೇಲಿಗೆ ಹೋಗಬಾರದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಂದೂಕು ನನ್ನದು, ಗುಂಡು ನನ್ನದು. ಉಳಿಸುತ್ತಿದ್ದುದು ನನ್ನನ್ನು.

ದೊಡ್ಡಿಯವರು ಒಳ್ಳೆಯವರು. ಕೇಳಿದ ಕೂಡಲೇ ಆರು ಮಂದಿ ಕಂಬಳಿ, ಬಡಿಗೆ ಹಿಡಿದು ಓಡಿದರು. ನನಗಿಂತ ಮುಂದೆ ಓಡಿದರು. ನಾವು ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು, ಮೈ ಇನ್ನೂ ಬೆಚ್ಚಗಿತ್ತು. ಅವರಲ್ಲಿ ಒಬ್ಬ ಮುದುಕ ಅವನ ಕಣ್ಣು ಮುಚ್ಚಿ, ನನ್ನ ಕಡೆ ನೋಡಿ, "ಸ್ವಲ್ಪ ಮೊದಲ ಬರಬೇಕಾಗಿತ್ತು ನೋಡಪಾ" ಅಂದ. ಅವನಿಗೆ ಗೊತ್ತಿದ್ದು ಅಂದದ್ದೋ, ಸುಮ್ಮನೆ ಅಂದದ್ದೋ, ಇವತ್ತಿಗೂ ತಿಳಿಯದು. ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆಯೊಳಗೆ ರಕ್ತ ಹರಿದಿದೆ ಅಂದರು. ಮೂರು ನಾಲ್ಕು ತಾಸು ಮೊದಲು ತಂದಿದ್ದರೆ ಎಂದು ಕೇಳಬೇಕೆಂದು ಬಾಯಿ ತೆರೆದೆ. ಕೇಳಲಿಲ್ಲ. ಕೇಳಿದ್ದರೆ ಅವರು ಏನೋ ಒಂದು ಹೇಳುತ್ತಿದ್ದರು, ಆ ಉತ್ತರ ಹೊತ್ತುಕೊಂಡು ಬದುಕಬೇಕಾಗುತ್ತಿತ್ತು. ಈಗ ಆ ಪ್ರಶ್ನೆಯನ್ನು ಹೊತ್ತಿದ್ದೇನೆ. ಯಾವುದು ಹಗುರವೋ ಗೊತ್ತಿಲ್ಲ.

ಆಮೇಲಿನದು ನೀನು ನೋಡಿದ್ದೀಯ. ನಿನ್ನ ಅವ್ವ ರಾಣೆಬೆನ್ನೂರಿನ ಬೀಜದ ಕಂಪನಿಯವರ ಹೊಲಗಳಲ್ಲಿ ಬದನೆ ಹೂವಿಗೆ ಹೂವು ಮುಟ್ಟಿಸುವ ಕೆಲಸಕ್ಕೆ ಹೋದಳು. ಬಗ್ಗಿ ಬಗ್ಗಿ ಬೆನ್ನು ಬಾಗಿತು. ಹಬ್ಬಕ್ಕೊಮ್ಮೆ ನಾನು ಬರುತ್ತಿದ್ದೆ, ನಿನಗೆ ಶಾಲೆಯ ಪಾಟೀಚೀಲ ಹೊಲಿದು ತರುತ್ತಿದ್ದೆ. ಕರೆವ್ವ ಪ್ರತಿ ಸಲ ನನಗೆ ಮೊದಲು ಬಡಿಸುತ್ತಿದ್ದಳು. "ಅಣ್ಣಾ, ನೀವು ಇದ್ದೀರಿ ಅಂತ ಧೈರ್ಯ" ಅನ್ನುತ್ತಿದ್ದಳು. ಆ ಊಟ ಹೇಗೆ ಉಂಡೆ ಎಂದು ಬರೆದರೆ ನಿನ್ನ ಕನಿಕರ ಕೇಳಿದ ಹಾಗಾಗುತ್ತದೆ. ಬರೆಯುವುದಿಲ್ಲ.

ಹೋದ ವರ್ಷ ನೀನು ಟ್ರೇನಿಂಗ್ ಮುಗಿಸಿ, ಹಾವೇರಿ ಸ್ಟೇಷನ್ನಿನಿಂದ ನೇರ ನನ್ನ ಅಂಗಡಿಗೇ ಬಂದೆ. ಖಾಕಿ ತೋರಿಸಲು. "ಕಾಕಾ, ಹೆಂಗ ಕಾಣಸ್ತೇನ್ರಿ?" ಅಂದೆ. ನಾನು ಡಬ್ಬಣದಿಂದ ತಲೆ ಎತ್ತದೆ ಚಲೋ ಕಾಣಿಸುತ್ತೀ ಅಂದೆ. ನೀನು ಸಿಟ್ಟು ಮಾಡಿಕೊಂಡು, ಒಂದು ಚಹಾ ಕೂಡ ಕುಡಿಯದೆ ಹೋದೆ. ಅವತ್ತು ನಾನು ತಲೆ ಎತ್ತದೆ ಇದ್ದುದು ಯಾಕೆಂದು ಈಗ ತಿಳಿಯಿತಲ್ಲ.

ಇನ್ನು ನೀನು ಕೇಳಿದ ಪ್ರಶ್ನೆಗೆ ಉತ್ತರ. ಭಯ ಆದಾಗ ಏನು ಮಾಡುತ್ತಿದ್ದಿರಿ ಎಂದೆ. ನಾನು ಮಾಡಿದ್ದು ಇದು. ಪ್ರಾಣಿಯ ಭಯ, ಇಳಿಜಾರಿನ ಭಯ, ಹಸಿವಿನ ಭಯ, ಇವೆಲ್ಲ ಬಂದು ಹೋಗುತ್ತವೆ, ನಾಲ್ಕು ಉಸಿರು ಎಳೆದುಕೊಂಡರೆ ಇಳಿಯುತ್ತವೆ. ಸಿಕ್ಕಿಬಿಡುತ್ತೇನೆ ಎನ್ನುವ ಭಯ ಹಾಗಲ್ಲ. ಅದು ಬಂದ ಮನುಷ್ಯ ಬಹಳ ಶಾಂತನಾಗಿ, ಬಹಳ ಬುದ್ಧಿವಂತನಾಗಿ ಕೆಲಸ ಮಾಡುತ್ತಾನೆ. ಮುಂದೆ ಬಿದ್ದವನ ನರಳಾಟ ಅವನಿಗೆ ಕೇಳುವುದಿಲ್ಲ. ನೀನು ಬೆನ್ನಟ್ಟುವವರು ನನ್ನಂಥವರು, ಅದಕ್ಕೆ ಇದನ್ನು ತಿಳಿದಿರು. ಅವರಲ್ಲಿ ಒಬ್ಬ ಬಿದ್ದನೆಂದರೆ ಉಳಿದವರು ಅವನನ್ನು ಬಿಟ್ಟು ಓಡುತ್ತಾರೆ. ನೀನು ಬಂದೂಕಿನ ಹಿಂದೆ ಹೋಗಬೇಡ, ಓಡಿದವರ ಹಿಂದೆಯೂ ಹೋಗಬೇಡ. ಮೊದಲು ಬಿದ್ದವನನ್ನು ಹೊರು. ಕೇಸು ಆಮೇಲೆ ಆಗುತ್ತದೆ. ಮೇಲಿನವರು ಬೈದರೆ ಬೈಸಿಕೊ. ಮತ್ತೆ, ನಿನ್ನದೇ ಮೂರನೆಯ ದಿನ ಬಂದಾಗ, ಜೊತೆಯವರಲ್ಲಿ ಯಾರಾದರೂ ಒಬ್ಬರು ಸಾಕು, ಇಳಿಯೋಣ ಅಂದರೆ, ಅವರು ಎಷ್ಟೇ ಸಣ್ಣವರಿರಲಿ, ಒಂದೇ ಸಲ ಹೇಳಿರಲಿ, ಕೇಳು.

ಬಂದೂಕು ಅಲ್ಲೇ ಇರಬೇಕು. ಆ ಕೊಳ್ಳದ ತಲೆಗೆ, ಹಳ್ಳ ಎರಡಾಗಿ ಒಡೆಯುವಲ್ಲಿ, ಮೇಜಿನಂಥ ಚಪ್ಪಟೆ ಬಂಡೆ ಇದೆ. ಅದರ ಪಡುವಣ ಬದಿಗೆ, ತೋಳುದ್ದ ಒಳಗೆ. ತುಕ್ಕು ತಿಂದಿರುತ್ತದೆ. ಈ ಪತ್ರದಲ್ಲಿ ನನ್ನ ಕೈಬರಹ ಇದೆ, ಹೆಸರಿದೆ, ತಾರೀಖಿದೆ. ಇದನ್ನು ನಿಮ್ಮ ಸಾಹೇಬರ ಮುಂದೆ ಇಡಬೇಕೆನ್ನಿಸಿದರೆ ಇಡು, ಕಾಕಾ ಎಂದು ತಡೆಯಬೇಡ. ಹೀಗೆ ಬರೆಯುತ್ತಿದ್ದೇನೆಂದು ಅಮೀರಬಿ, ಬೇನಜೀರ ಇಬ್ಬರಿಗೂ ಹೇಳಿದ್ದೇನೆ. ಬೇನಜೀರ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಕರೆವ್ವಗೆ ನಾನೇ ಹೋಗಿ ಹೇಳಬೇಕು, ಕಾಗದದಲ್ಲಿ ಹೇಳುವ ಮಾತಲ್ಲ ಅದು. ಬರುವ ಶುಕ್ರವಾರ ನಮಾಜು ಮುಗಿಸಿ ಮೇಡ್ಲೇರಿಗೆ ಹೋಗುತ್ತೇನೆ. ಅಷ್ಟರೊಳಗೆ ಈ ಪತ್ರ ನಿನಗೆ ಮುಟ್ಟಿರುತ್ತದೆ. ನಾನು ಹೋಗುವುದು ಬೇಡ ಅನ್ನಿಸಿದರೆ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನು ಮಾಡು, ಕರೆಯುತ್ತಾರೆ. ಫೋನು ಬರದಿದ್ದರೆ ಹೋಗುತ್ತೇನೆ.

ಚೀಲ ಅಂಗಡಿಯಲ್ಲಿದೆ. ಬೇಕಾದರೆ ತರಿಸಿಕೊ. ನಾನು ಹೊಲಿದದ್ದನ್ನು ಬೆನ್ನಿಗೆ ಹಾಕಿಕೊಳ್ಳಲು ಮನಸ್ಸು ಒಪ್ಪದಿದ್ದರೆ ಅದೂ ನ್ಯಾಯವೇ. ಹಾಗಾದರೆ ಮೇಲೆ ಬರೆದ ಅಳತೆಯನ್ನು ರಾಣೆಬೆನ್ನೂರಿನಲ್ಲಿ ಯಾವ ಹೊಲಿಗೆಯವನಿಗೆ ಕೊಟ್ಟರೂ ಹೊಲಿದುಕೊಡುತ್ತಾನೆ.

ನನಗೀಗ ಐವತ್ತೆಂಟು. ಎರಡು ಮೆಟ್ಟಿಲು ಹತ್ತಿದರೆ ಮೊಣಕಾಲು ಹಿಡಿಯುತ್ತದೆ. ಬರೆದರೆ ಹಗುರಾಗುತ್ತದೆ ಎಂದು ಮಂದಿ ಹೇಳುತ್ತಾರೆ. ಆಗಿಲ್ಲ. ಬರೀ ದಣಿವಾಗಿದೆ.

ನಿನ್ನ ಅಪ್ಪನ ಜೊತೆ ಹೋಗಿ, ಅವನಿಲ್ಲದೆ ಬಂದ
ಹಜರತಅಲಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಮಂದಿಯ ಜೊತೆ ಹೋಗುವಷ್ಟರಲ್ಲಿ ಜೀವ ಹೋಗಿತ್ತು ಎಂದು ಬರೆದದ್ದು ಖರೇ. ಆದರೆ ಅದಕ್ಕಿಂತ ಮೊದಲು ಒಂದು ಸಲ ಹೋಗಿದ್ದೆ. ಒಬ್ಬನೇ. ಇದು ಅಮೀರಬಿಗೂ ಗೊತ್ತಿಲ್ಲ. ಎಲ್ಲ ಮುಚ್ಚಿಟ್ಟ ಮೇಲೆ, ಪೊಲೀಸರು ಕೇಳಿದರೆ ಇಬ್ಬರ ಮಾತು ಬೇರೆ ಬೇರೆ ಆಗಬಾರದು ಎನ್ನಿಸಿತು. ದೊಡ್ಡಿಗೆ ಇಳಿಯುವ ಬದಲು ಅವನ ಹತ್ತಿರ ಹೋದೆ. ನನ್ನ ಹೆಜ್ಜೆಯ ಸದ್ದು ಕೇಳಿ ಕಣ್ಣು ತೆರೆದು, ನನ್ನ ಹಿಂದೆ ನೋಡಿದ. "ಒಬ್ಬನ ಬಂದಿಯೇನೋ ಅಲಿ? ಮಂದಿ ಎಲ್ಲಿ?" ಅಂದ. ಬರುತ್ತಿದ್ದಾರೆ ಅಂದೆ. ಅವರು ಕೇಳಿದರೆ ಏನು ಹೇಳಬೇಕೆಂದು ಕಿವಿಯ ಹತ್ತಿರ ಬಗ್ಗಿ ಹೇಳಿದೆ. ನೀನು ಹತ್ತನೆಯ ಇಯತ್ತೆಯಲ್ಲಿದ್ದಾಗ, ಅಪ್ಪ ಕೊನೆಗೆ ಏನಾದರೂ ಅಂದನೇ ಎಂದು ಕೇಳಿದ್ದೆ. ಬಿದ್ದ ಕ್ಷಣಕ್ಕೇ ಹೋದ ಎಂದವನು, ನಿನ್ನ ಮುಖ ನೋಡಲಾರದೆ, ಉಸಿರು ಹೋಗುವಾಗ ನಿನ್ನ ಹೆಸರು ಹಿಡಿದ ಎಂದೆ. ಎರಡು ಮಾತೂ ಒಂದಕ್ಕೊಂದು ಕೂಡುವುದಿಲ್ಲ ಎಂದು ನೀನು ಆಗ ಗಮನಿಸಲಿಲ್ಲ. ಅವನು ನಿನ್ನ ಹೆಸರು ಹಿಡಿಯಲಿಲ್ಲ, ಮಗಳೆ. ನಾನು ಹೇಳಿಕೊಟ್ಟದ್ದು ತಿಳಿಯಿತು ಎಂದು ತೋರಿಸಲು, ಉಸಿರು ಕೂಡಿಸಿಕೊಂಡು, ಅದನ್ನೇ ಒಂದು ಸಲ ಒಪ್ಪಿಸಿದ. "ಬಿದರ ಕಡಿಯಾಕ ಬಂದಿದ್ವಿ. ಕಾಲ ಜಾರ್ತು." ಆಮೇಲೆ ಅವನು ಮಾತಾಡಲಿಲ್ಲ.